ಬೇರಿನ ಬಾಗಿಲು

ಗಿಡಗಳ ವಿಷಯದಲ್ಲಿ ನಮಗೆಲ್ಲರಿಗೂ ಒಂದು ವಿಶ್ವಾಸವುಂಟು. ಮನುಷ್ಯನು ಮೋಸ ಮಾಡಿಯಾನು, ಸಂತೆಯ ತಕ್ಕಡಿ ಮೋಸ ಮಾಡೀತು. ಹಿತ್ತಿಲ ಬಸಳೆಯ ಬಳ್ಳಿ ಮಾತ್ರ ಮೋಸ ಮಾಡಲಾರದು. ಮಣ್ಣು ಕೆಟ್ಟಿದ್ದರೆ ಅದು ಬಾಡುತ್ತದೆ. ಸೊಂಪಾಗಿ ಹಬ್ಬಿದರೆ ಮಣ್ಣು ಒಳ್ಳೆಯದೆಂದೇ ಅರ್ಥ. ನಮ್ಮ ನೆರೆಯ ಹಿರಿಯ ಕೃಷಿಕರೊಬ್ಬರು, "ಗಿಡ ಒಪ್ಪಿದ ಮೇಲೆ ಮಣ್ಣಿಗೇನು ದೋಷ, ಮಾರಾಯರೆ?" ಎಂದು ಕೇಳುವುದುಂಟು. ಮಾತು ಚೆಲುವಾಗಿದೆ, ಬಹುಮಟ್ಟಿಗೆ ನಿಜವೂ ಹೌದು. ಆದರೆ ಸೀಸ, ಕ್ಯಾಡ್ಮಿಯಂ, ಪಾದರಸಗಳಂತಹ ಭಾರಲೋಹಗಳ ಮುಂದೆ, ಅವುಗಳ ಸಾಲಿನಲ್ಲಿಯೇ ಎಣಿಸಲ್ಪಡುವ ಆರ್ಸೆನಿಕ್ ಎಂಬ ಪಾಷಾಣದ ಮುಂದೆ, ಈ ಮಾತು ನಿಲ್ಲುವುದಿಲ್ಲ. ಏಕೆ ನಿಲ್ಲುವುದಿಲ್ಲವೆಂಬುದನ್ನು ತಿಳಿಯಬೇಕಾದರೆ ಬೇರಿನ ಬಾಗಿಲಿಗೇ ಹೋಗಬೇಕು.

ಬೇರಿಗೆ ಕಣ್ಣಿಲ್ಲ, ನಾಲಗೆಯಿಲ್ಲ. ಅದರ ಜೀವಕೋಶಗಳ ಪೊರೆಯಲ್ಲಿ ಸೂಕ್ಷ್ಮವಾದ ದ್ವಾರಗಳಿವೆ. ರಂಜಕಕ್ಕೆ ಒಂದು, ಮ್ಯಾಂಗನೀಸಿಗೆ ಒಂದು, ಸಿಲಿಕಕ್ಕೆ ಒಂದು. ಬಂದವರ ಆಕಾರವನ್ನೂ ವಿದ್ಯುದಂಶವನ್ನೂ ನೋಡಿ ದ್ವಾರವು ಒಳಗೆ ಬಿಡುತ್ತದೆ; ಕುಲಗೋತ್ರವನ್ನು ಕೇಳುವುದಿಲ್ಲ. ಆರ್ಸೆನಿಕ್ಕಿನ ಒಂದು ರೂಪವು ರಂಜಕದ ಲವಣವನ್ನು ಬಲುಮಟ್ಟಿಗೆ ಹೋಲುವುದರಿಂದ ರಂಜಕದ ಬಾಗಿಲಿನಿಂದಲೇ ಒಳಸೇರುತ್ತದೆ. ನೀರು ನಿಂತ ಗದ್ದೆಯಲ್ಲಿ ಅದು ಮತ್ತೊಂದು ರೂಪವನ್ನು ತಳೆದು, ಭತ್ತದ ಬೇರಿನಲ್ಲಿ ಸಿಲಿಕದ ದಾರಿಯನ್ನು ಹಿಡಿಯುತ್ತದೆ. ಕ್ಯಾಡ್ಮಿಯಂ ಭತ್ತದೊಳಕ್ಕೆ ಹೋಗುವುದು ಮುಖ್ಯವಾಗಿ ಮ್ಯಾಂಗನೀಸಿನ ಬಾಗಿಲಿನಿಂದ. ಗದ್ದೆಯ ನೀರನ್ನು ಬಸಿದರೆ ಆರ್ಸೆನಿಕ್ ಕಡಿಮೆಯಾಗುತ್ತದೆ, ಕ್ಯಾಡ್ಮಿಯಂ ಹೆಚ್ಚುತ್ತದೆ. ನೀರನ್ನು ನಿಲ್ಲಿಸಿದರೆ ಇದಕ್ಕೆ ವಿಪರೀತ. ಎರಡೂ ಇರುವ ಮಣ್ಣಿನ ಒಕ್ಕಲಿಗನ ಸಂಕಟವನ್ನು ವಾಚಕರೇ ಊಹಿಸಬಹುದು.

ಒಳಗೆ ಬಂದ ವೈರಿಯನ್ನು ಗಿಡವು ಏನು ಮಾಡುತ್ತದೆ? ಹೊರಗೆ ಅಟ್ಟುವುದು ಸುಲಭವಲ್ಲ, ಆದುದರಿಂದ ಕಟ್ಟಿಹಾಕುತ್ತದೆ. ಗಂಧಕಾಂಶವುಳ್ಳ ಸಣ್ಣ ಅಣುಗಳಿಂದ ಲೋಹವನ್ನು ಬಿಗಿದು, ಜೀವಕೋಶದೊಳಗಿನ ರಸಕೋಣೆಯಲ್ಲಿ ಕೂಡಿ ಬೀಗ ಹಾಕುತ್ತದೆ. ಎಲೆಯ ಹಸುರು ಮಾಸುವುದಿಲ್ಲ, ರುಚಿ ಕೆಡುವುದಿಲ್ಲ. ಗಿಡ ಒಪ್ಪಿತೆಂದು ನಾವು ಹಿಗ್ಗುತ್ತೇವೆ. ಅದು ಒಪ್ಪಿದುದಲ್ಲ, ಸಹಿಸಿದುದು. ಗಿಡದ ಪಾಲಿಗೆ ಸೆರೆಮನೆಯಾದುದು ನಮ್ಮ ಪಾಲಿಗೆ ತುತ್ತಾಗುತ್ತದೆ.

ಇದಕ್ಕೆ ಜಪಾನಿನ ತೊಯಾಮಾ ಪ್ರಾಂತದ ಜನ ತೆತ್ತ ಬೆಲೆ ಅಲ್ಪವಲ್ಲ. ಮೇಲಿನ ಕಮಿಯೋಕಾ ಗಣಿಯಿಂದ ಕ್ಯಾಡ್ಮಿಯಂ ಬೆರೆತ ನೀರು ಜಿನ್‌ಜು ನದಿಗಿಳಿದು, ನದಿಯಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಬಂದಿತು. ಮನುಷ್ಯನ ಮೂತ್ರಪಿಂಡವನ್ನು ಕೆಡಿಸಲು ಸಾಕಾಗುವಷ್ಟು ಕ್ಯಾಡ್ಮಿಯಂ ಭತ್ತದ ಪೈರನ್ನು ಬಾಡಿಸಲು ಸಾಲದು. ವರ್ಷಗಟ್ಟಲೆ ಉಂಡರೂ ಎಚ್ಚರಿಕೆಯ ಗುರುತು ಕಾಣದಿದ್ದುದು ಇದರಿಂದಲೇ. ರೋಗಕ್ಕೆ ತುತ್ತಾದವರಲ್ಲಿ ಹೆಚ್ಚಿನವರು ಮಕ್ಕಳನ್ನು ಹೆತ್ತ, ನಡುವಯಸ್ಸು ದಾಟಿದ ಹೆಂಗಸರು. ಮೂಳೆಗಳು ಮೆತ್ತಗಾಗಿ, ಕೆಮ್ಮಿದರೂ ಮುರಿಯುವಂತಾದವು. ಅವರ ನರಳಿಕೆಯೇ ರೋಗದ ಹೆಸರಾಯಿತು: ಇತಾಯ್ ಇತಾಯ್, ಎಂದರೆ 'ನೋವು, ನೋವು'. ಹಗಿನೋ ನೊಬೊರು ಎಂಬ ಅಲ್ಲಿಯ ವೈದ್ಯರು ಗಣಿಯ ಕಡೆಗೆ ಬೆರಳು ತೋರಿದರು. 1968ರಲ್ಲಿ ಸರಕಾರವು ಅದನ್ನು ಒಪ್ಪಿತು. ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ ಮುಗಿದುದು 2012ರಲ್ಲಿ.

ಆದರೆ ಈ ಗುಣವೇ ಕೆಲವು ಗಿಡಗಳಲ್ಲಿ ಬೆರಗಾಗುವಷ್ಟು ಬೆಳೆದಿದೆ. ಪ್ರಶಾಂತ ಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದಲ್ಲಿ ಒಂದು ಮರವಿದೆ. ತೊಗಟೆಯನ್ನು ಕೆತ್ತಿದರೆ ನೀಲಿ ಹಸುರಿನ ಹಾಲು ಒಸರುತ್ತದೆ. ಒಣಗಿದ ಆ ಹಾಲಿನಲ್ಲಿ ಕಾಲುಭಾಗದಷ್ಟು ನಿಕ್ಕೆಲ್ ಇದೆಯೆಂದು 1976ರಲ್ಲಿ ಪ್ರಕಟವಾಯಿತು. ಅಷ್ಟು ದೂರವೇಕೆ? ಹಳೆಯ ಗಾರೆಗೋಡೆಯ ಬಿರುಕಿನಲ್ಲಿಯೂ ಬಾವಿಯ ಕಟ್ಟೆಯಲ್ಲಿಯೂ ಮಳೆಗಾಲಕ್ಕೆ ಚಿಗುರುವ ಒಂದು ಜರೀಗಿಡವನ್ನು ನಾವೆಲ್ಲ ಕಂಡಿದ್ದೇವೆ. ಶಾಸ್ತ್ರಜ್ಞರು ಟೆರಿಸ್ ವಿಟ್ಟಾಟ ಎನ್ನುವ ಈ ಜರೀಗಿಡವು ಆರ್ಸೆನಿಕ್ಕನ್ನು ಹೀರಿ ಗರಿಗಳಲ್ಲಿ ಕೂಡಿಹಾಕುತ್ತದೆಂದು ಅಮೇರಿಕದ ಫ್ಲಾರಿಡಾದಲ್ಲಿ ಕಂಡುಹಿಡಿದು 2001ರಲ್ಲಿ ಪ್ರಕಟಿಸಿದರು. ಆರ್ಸೆನಿಕ್ ಬೆರೆಸಿದ ಮಣ್ಣಿನಲ್ಲಿ ಬೆಳೆಸಿದಾಗ ಒಣಗಿದ ಗರಿಯ ತೂಕದಲ್ಲಿ ಶೇಕಡ 2ಕ್ಕೂ ಮಿಕ್ಕು ಅದೇ ಇದ್ದಿತು!

ಹಾಗಾದರೆ ಗಿಡಗಳನ್ನು ನೆಟ್ಟು ಭೂಮಿಯನ್ನು ತೊಳೆಯಬಹುದಲ್ಲವೆ? ಬಹುದು, ಪ್ರಯತ್ನಗಳೂ ನಡೆದಿವೆ. ಆದರೆ ಅದು ವರ್ಷಗಟ್ಟಲೆಯ ಕೆಲಸ. ಬೇರು ಮುಟ್ಟುವ ಆಳಕ್ಕೆ ಮಾತ್ರ ಸಲ್ಲುವುದು. ಕೊಯ್ದ ಗರಿಗಳನ್ನು ಸುಟ್ಟರೆ ಪಾಷಾಣವು ಹೊಗೆ ಬೂದಿಗಳಲ್ಲಿ ಮರಳುತ್ತದೆ. ಎಲೆ ಕೊಳೆತು ಮಣ್ಣಾದೀತು, ಲೋಹ ಕೊಳೆಯುವುದಿಲ್ಲ. ಅದು ಮನೆಯನ್ನು ಬದಲಿಸುತ್ತದೆಯೇ ಹೊರತು ಅಳಿಯುವುದಿಲ್ಲ.

ಇನ್ನು ನಮ್ಮ ಹಿತ್ತಿಲ ಮಾತು. ಸೀಸವು ಬಹುಪಾಲು ಬೇರಿನಲ್ಲಿಯೇ ತಡೆಯುತ್ತದೆ. ಎಲೆಯ ಮೇಲೆ ಕುಳಿತ ಅದರ ಧೂಳನ್ನು ತೊಳೆದರೆ ಬಹುಮಟ್ಟಿಗೆ ಹೋಗುತ್ತದೆ. ಎಲೆಯೊಳಗೆ ಸೇರಿದ ಕ್ಯಾಡ್ಮಿಯಂ ಎಷ್ಟು ತೊಳೆದರೂ ಹೋಗದು. ಕಾಯಿಗಿಂತ ಸೊಪ್ಪಿನಲ್ಲಿ ಅದರ ಸಂಚಯ ಹೆಚ್ಚು. ಹುಳಿಮಣ್ಣಿನಲ್ಲಿ ಅದು ಸುಲಭವಾಗಿ ಬೇರಿಗೆ ಸಿಕ್ಕುತ್ತದೆ. ನಮ್ಮ ಕರಾವಳಿಯ ಮುರಕಲ್ಲಿನ ನೆಲವಂತೂ ಹುಳಿಯೇ. ಸುಣ್ಣವನ್ನು ಹಾಕಿದರೆ, ಚೆನ್ನಾಗಿ ಕಳಿತ ಗೊಬ್ಬರವನ್ನು ಬೆರೆಸಿದರೆ, ಲೋಹವು ಮಣ್ಣಿನಲ್ಲಿಯೇ ಹೆಚ್ಚಾಗಿ ಬಿಗಿದುಕೊಳ್ಳುತ್ತದೆ. ನಮ್ಮ ಹಿರಿಯ ನೆರೆಯವರು ಈ ಹೆಸರುಗಳನ್ನು ಕೇಳುವ ಎಷ್ಟೋ ಮೊದಲೇ ವರ್ಷವರ್ಷವೂ ತೋಟಕ್ಕೆ ಸುಣ್ಣವನ್ನು ಹಾಕುತ್ತ ಬಂದವರು. ಅವರ ಮಾತಿಗಿಂತ ಅವರ ಕೈ ಹೆಚ್ಚು ಬಲ್ಲುದು.

ಆದರೆ ಸುಣ್ಣಕ್ಕೂ ಒಂದು ಮಿತಿಯುಂಟು. ಗೊಬ್ಬರದ ಗುಂಡಿಗೆ ಸೆಗಣಿ ತರಗೆಲೆಗಳು ಮಾತ್ರ ಬೀಳುತ್ತಿದ್ದ ಕಾಲ ಹೋಯಿತು. ಇಂದು ಹಳೆಯ ಬ್ಯಾಟರಿ, ಒಡೆದ ಕೊಳವೆದೀಪ, ಬಣ್ಣದ ಡಬ್ಬಿ ಎಲ್ಲಕ್ಕೂ ಅದೇ ಗತಿ. ಬೇಡವೆನ್ನುವ ಶಕ್ತಿಯನ್ನು ಬೇರಿಗೆ ಪ್ರಕೃತಿಯು ಪೂರ್ತಿಯಾಗಿ ಕೊಟ್ಟಿಲ್ಲ, ನಮಗೆ ಕೊಟ್ಟಿದೆ. ಬಾಗಿಲಲ್ಲಿ ನಿಂತು ತಡೆಯಬೇಕಾದವರು ನಾವು, ಅದೂ ಬೇರಿನ ಬಾಗಿಲಲ್ಲಿ ಅಲ್ಲ, ಗುಂಡಿಯ ಅಂಚಿನಲ್ಲಿ.