ಎರಡು ಆಸನದ ಕಾರು, ಎರಡು ಸಾಲಿನ ನಿಯಮ

ಮೋಟಾರು ಕ್ರೀಡೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಗಂಟೆಗೆ 300 ಕಿಲೋಮೀಟರ್ ವೇಗದ ಓಟ, ಕಿಕ್ಕಿರಿದ ಪ್ರೇಕ್ಷಕರು, ಕೋಟಿಗಟ್ಟಲೆ ಹಣ. ಅಮೆರಿಕದಲ್ಲಿ ಆಟೋಕ್ರಾಸ್ ಎಂಬ ಹವ್ಯಾಸಿ ಸ್ಪರ್ಧೆಯೊಂದಿದೆ. ಅದಕ್ಕೆ ಇವಾವುವೂ ಬೇಕಿಲ್ಲ. ವಾರಾಂತ್ಯದಲ್ಲಿ ಬರಿದಾಗಿರುವ ಪಾರ್ಕಿಂಗ್ ಬಯಲಿನಲ್ಲೋ ಹಳೆಯ ವಿಮಾನ ನಿಲ್ದಾಣದ ರನ್‌ವೇಯಲ್ಲೋ ಕಿತ್ತಳೆ ಬಣ್ಣದ ಕೋನುಗಳನ್ನಿಟ್ಟು ಅಂಕುಡೊಂಕಿನ ಹಾದಿಯನ್ನು ಗುರುತಿಸುತ್ತಾರೆ. ಸ್ಪರ್ಧಿಗಳು ಒಬ್ಬರ ಹಿಂದೊಬ್ಬರಂತೆ ಆ ಹಾದಿಯಲ್ಲಿ ಹಾದುಹೋಗುತ್ತಾರೆ. ಎದುರಾಳಿ ಗಡಿಯಾರವೊಂದೇ. ಓಟ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ, ವೇಗ 100 ಕಿಲೋಮೀಟರ್ ದಾಟುವುದು ಅಪರೂಪ. ಕೆಡವಿದ ಪ್ರತಿಯೊಂದು ಕೋನಿಗೂ 2 ಸೆಕೆಂಡುಗಳ ದಂಡ. ತನ್ನ ಸರದಿ ಮುಗಿಸಿದವನು ಬಿಸಿಲಿನಲ್ಲಿ ನಿಂತು, ಇತರರು ಕೆಡವಿದ ಕೋನುಗಳನ್ನು ಎತ್ತಿಡಬೇಕು. ಉಂಡೆದ್ದವರೇ ಮುಂದಿನ ಪಂಕ್ತಿಗೆ ಬಡಿಸುವ ಊರಿನ ಸಮಾರಾಧನೆಯಂತಹ ಏರ್ಪಾಡು ಇದು.

ಕಾಸರಗೋಡಿನ ಗ್ರಾಮವೊಂದರ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದ ಇಂಜಿನಿಯರನೊಬ್ಬ ಒಹಾಯೊ ರಾಜ್ಯದಲ್ಲಿ ಈ ಆಟದ ರುಚಿ ಹತ್ತಿಸಿಕೊಂಡ. ಮನೆಯವರು ದಿನನಿತ್ಯ ಬಳಸುವ ಕಾರಿನಲ್ಲೇ ಎರಡು ವರ್ಷ ಸ್ಪರ್ಧಿಸಿದ. ಮೂರನೆಯ ವರ್ಷ ಆತನ ಕ್ಲಬ್ಬು ಹೊಸ ವರ್ಗವೊಂದನ್ನು ಆರಂಭಿಸುವುದಾಗಿ ಪ್ರಕಟಿಸಿತು. ಮಡಚುವ ಮಾಡಿನ, ಎರಡೇ ಆಸನಗಳ ಹಳೆಯ ರೋಡ್‌ಸ್ಟರ್ ಕಾರುಗಳಿಗಾಗಿಯೇ ಮೀಸಲಾದ ವರ್ಗವದು. ಸಾಮಾನ್ಯ ಸಂಬಳದವರೂ ಕೊಳ್ಳಬಲ್ಲ ಕಾರುಗಳು ಒಂದೆಡೆ ಸೇರಲಿ, ಹಣದ ಬಲವಲ್ಲ, ಕೈಯ ನೈಪುಣ್ಯ ಗೆಲ್ಲಲಿ ಎಂಬುದು ಅದರ ಉದ್ದೇಶ. ಆತನ ಪತ್ನಿ ಒಪ್ಪಿಗೆ ಕೊಟ್ಟದ್ದು ಒಂದೇ ಷರತ್ತಿನ ಮೇಲೆ: ಬೇಸಿಗೆಯಲ್ಲಿ ಮೂವರೂ ಊರಿಗೆ ಹೋಗಿಬರಲು ತೆಗೆದಿರಿಸಿದ ಹಣವನ್ನು ಮುಟ್ಟಕೂಡದು. ಊರಿನಲ್ಲಿ ಅಜ್ಜಿ ಮೊಮ್ಮಗಳ ದಾರಿ ಕಾಯುತ್ತಿದ್ದರು.

ಕ್ಲಬ್ಬಿನ ಕರಡು ನಿಯಮ ಎರಡೇ ಸಾಲಿನದ್ದು. ಕಾರು 2005 ಅಥವಾ ಅದಕ್ಕೂ ಹಿಂದಿನ ಮಾದರಿಯದಾಗಿರಬೇಕು. ಎಂಜಿನ್ 2000 ಸಿಸಿ ಮೀರಬಾರದು. ಉಳಿದುದೆಲ್ಲ ರಾಷ್ಟ್ರೀಯ ನಿಯಮಾವಳಿಯಂತೆ. ಆ ನಿಯಮಾವಳಿಯನ್ನು ಹೊರತರುವುದು 1944ರಲ್ಲಿ ಸ್ಥಾಪನೆಯಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ. ಅದರ ಮೂಲತತ್ತ್ವ ಕಾನೂನು ಬಲ್ಲವರಿಗೆ ಕುತೂಹಲಕರವಾಗಿದೆ. ಸಾಮಾನ್ಯ ಜೀವನದಲ್ಲಿ ಕಾನೂನು ನಿಷೇಧಿಸದ್ದನ್ನೆಲ್ಲ ಮಾಡಬಹುದು. ಅಲ್ಲಿಯಾದರೋ ನಿಯಮ ಅನುಮತಿಸದ್ದೆಲ್ಲವೂ ನಿಷಿದ್ಧ. ಬೀದಿ ಕಾರುಗಳ ವಿಭಾಗದಲ್ಲಿ ಶಾಕ್ ಅಬ್ಸಾರ್ಬರ್ ಬದಲಾಯಿಸಬಹುದು. ತಿರುವಿನಲ್ಲಿ ಕಾರು ಓಲಾಡದಂತೆ ತಡೆಯುವ ಸರಳನ್ನು ಮುಂದೆ ಅಥವಾ ಹಿಂದೆ, ಎರಡರಲ್ಲಿ ಒಂದು ಕಡೆ ಮಾತ್ರ ಬದಲಿಸಬಹುದು. ಟೈರಿನ ಸವಕಳಿ ಅಂಕ 200ಕ್ಕಿಂತ ಕಡಿಮೆ ಇರಬಾರದು, ಅಂದರೆ ಒಂದೆರಡು ದಿನಗಳಲ್ಲೇ ಕರಗಿಹೋಗುವ ಮೆತ್ತನೆಯ ಓಟದ ಟೈರುಗಳಿಗೆ ಅವಕಾಶವಿಲ್ಲ. ಡಿಫರೆನ್ಶಿಯಲ್ ಮಾತ್ರ ಆ ಮಾದರಿಗೆ ಕಾರ್ಖಾನೆ ಕೊಟ್ಟದ್ದೇ ಆಗಿರಬೇಕು.

ಆತ ಮೊದಲು ನೋಡಿದ್ದು ಮಾಜ್ದಾ ಮಿಯಾಟಾ. 1989ರಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಜಗತ್ತಿಗೆ ಪರಿಚಯವಾದ ಈ ಪುಟ್ಟ ಕಾರು 2016ರ ಹೊತ್ತಿಗೆ 10 ಲಕ್ಷದ ಸಂಖ್ಯೆ ತಲುಪಿತ್ತು. ಮೊದಲ ಮಾದರಿಯ 1.6 ಲೀಟರ್ ಎಂಜಿನ್ನಿಗೆ 116 ಅಶ್ವಶಕ್ತಿ, 1994ರಲ್ಲಿ ಬಂದ 1.8 ಲೀಟರಿನದಕ್ಕೆ 128. ಹೆದ್ದಾರಿಯಲ್ಲಿ ಇದು ದೊಡ್ಡ ಬಲವಲ್ಲ. ಆದರೆ ಆಟೋಕ್ರಾಸ್ ಬಹುಪಾಲು ಎರಡನೆಯ ಗೇರಿನಲ್ಲೇ ಮುಗಿಯುವ ಆಟ. ಕೋನುಗಳ ನಡುವೆ ಹಾವಿನಂತೆ ನುಸುಳುವಾಗ ಬಲಕ್ಕಿಂತ ಮಿಗಿಲಾಗಿ ಬೇಕಾಗುವುದು ಹಗುರಾದ ಮೈ ಮತ್ತು ಕಡಿಮೆ ಅಗಲ. ಕಾರು ಅಗಲವಾದಷ್ಟೂ ಪ್ರತಿ ಕೋನಿನ ಬಳಿ ಹೆಚ್ಚು ಹೊರಗೆ ಸರಿಯಬೇಕು, ಕ್ರಮಿಸುವ ದೂರವೂ ಬೆಳೆಯುತ್ತದೆ. ಎರಡನೆಯದು ಟೊಯೋಟಾ ಎಂಆರ್2 ಸ್ಪೈಡರ್: 138 ಅಶ್ವಶಕ್ತಿ, ಸುಮಾರು 1000 ಕಿಲೋ ತೂಕ. ಕಾಗದದ ಮೇಲೆ ಮಿಯಾಟಾಗಿಂತ ಒಂದು ಕೈ ಮೇಲು. ಆದರೆ ಎಂಜಿನ್ ಆಸನಗಳ ಬೆನ್ನಿಗಿರುವುದರಿಂದ, ತಿರುವಿನ ನಡುವೆ ಹೆದರಿ ಥಟ್ಟನೆ ಕಾಲು ತೆಗೆದರೆ ಹಿಂಭಾಗ ಬೀಸಿ ತಿರುಗುವ ಸ್ವಭಾವ ಅದರದ್ದು. ಮೂರನೆಯದಾಗಿ ಬಿಎಂಡಬ್ಲ್ಯು ಜ಼ಡ್3 ಇತ್ತು. ತೂಕ ಹೆಚ್ಚು, ರಿಪೇರಿಯ ವೆಚ್ಚವೂ ಹೆಚ್ಚು ಎಂದು ಅದನ್ನು ಬೇಗನೆ ಕೈಬಿಟ್ಟ.

ಅನಂತರ ಆತನ ಗಮನಕ್ಕೆ ಬಂದದ್ದು ನಿಯಮದಲ್ಲಿದ್ದ ರಂಧ್ರ. 2000ದಿಂದ 2003ರವರೆಗಿನ ಹೊಂಡಾ ಎಸ್2000 ಕಾರಿನ ಎಂಜಿನ್ ಎರಡು ಲೀಟರಿನೊಳಗೇ ಇದೆ. ನಿಮಿಷಕ್ಕೆ 9000 ಸುತ್ತು ತಿರುಗಬಲ್ಲ ಅದು ನೀಡುವುದು 240 ಅಶ್ವಶಕ್ತಿ. 2004ರಲ್ಲಿ ಅಮೆರಿಕದ ಮಾದರಿಯ ಎಂಜಿನ್ 2.2 ಲೀಟರಿಗೆ ಏರಿದ್ದರಿಂದ ಅದು ಹೊರಗುಳಿಯುತ್ತದೆ, ಅದರ ಒಡಹುಟ್ಟು ಒಳಗುಳಿಯುತ್ತದೆ. ಇನ್ನೂ ವಿಚಿತ್ರವೆಂದರೆ 2005ರ ಮಾದರಿಯಾಗಿ ಅಮೆರಿಕಕ್ಕೆ ಬಂದ ಲೋಟಸ್ ಎಲೀಸ್: 1.8 ಲೀಟರ್ ಎಂಜಿನ್, 190 ಅಶ್ವಶಕ್ತಿ, ಸುಮಾರು 900 ಕಿಲೋ ತೂಕ. ಹಳೆಯ ಮಿಯಾಟಾದ ಬೆಲೆಗಿಂತ ಎಷ್ಟೋ ಪಟ್ಟು ದುಬಾರಿಯಾದ ಈ ಕಾರಿಗೂ ಕರಡು ನಿಯಮದಲ್ಲಿ ಬಾಗಿಲು ತೆರೆದೇ ಇತ್ತು.

ನಮ್ಮ ಸಂವಿಧಾನದ 14ನೆಯ ವಿಧಿಯನ್ನು ವ್ಯಾಖ್ಯಾನಿಸುವಾಗ ನ್ಯಾಯಾಲಯಗಳು ಒಂದು ಮಾತನ್ನು ಮತ್ತೆ ಮತ್ತೆ ಹೇಳಿವೆ. ವರ್ಗೀಕರಣ ಮಾಡಬಹುದು, ಆದರೆ ಒಳಗಿನವರನ್ನೂ ಹೊರಗಿನವರನ್ನೂ ಬೇರ್ಪಡಿಸುವ ಗೆರೆ ಸ್ಪಷ್ಟವಾಗಿರಬೇಕು, ಆ ಗೆರೆಗೂ ಉದ್ದೇಶಕ್ಕೂ ಸಕಾರಣವಾದ ಸಂಬಂಧವಿರಬೇಕು. ಎರಡು ಸಾಲಿನ ನಿಯಮದ ಗೆರೆ ಸ್ಪಷ್ಟವಾಗಿಯೇ ಇತ್ತು. ಸಂಬಂಧ ಮಾತ್ರ ಇರಲಿಲ್ಲ. ಎಂಜಿನ್ನಿನ ಗಾತ್ರವನ್ನು ಅಳೆದರೆ ಕಾರಿನ ಬಲವನ್ನೂ ಅಳೆದಂತಲ್ಲ, ಕೊಳ್ಳುವವನ ಜೇಬನ್ನೂ ಅಳೆದಂತಲ್ಲ.

ಇದನ್ನು ಹೇಳಿಬಿಡುವುದು ಸುಲಭವಾಗಿರಲಿಲ್ಲ. ಆತನಿಗೆ ಆಟ ಕಲಿಸಿದ ಹಿರಿಯರೊಬ್ಬರ ಬಳಿ 2002ರ ಎಸ್2000 ಇತ್ತು. ಮೊದಲ ದಿನ ಪಕ್ಕದ ಆಸನದಲ್ಲಿ ಕುಳಿತು, ಎದುರಿನ ಕೋನನ್ನಲ್ಲ, ಅದರಾಚೆಯ ಕೋನನ್ನು ನೋಡು ಎಂದು ತಿದ್ದಿದವರು ಅವರೇ. ಹೊಸ ವರ್ಗದ ಸುದ್ದಿಯಿಂದ ಎಲ್ಲರಿಗಿಂತ ಹೆಚ್ಚು ಸಂಭ್ರಮಿಸಿದವರೂ ಅವರೇ. ಮಾತನಾಡಿದರೆ ಗುರುವನ್ನು ಹೊರಗಿಡಬೇಕು. ಸುಮ್ಮನಿದ್ದರೆ ಮಿಯಾಟಾ ಕೊಂಡವರೆಲ್ಲ ಮೊದಲ ದಿನವೇ ಸೋತಂತೆ, ಎರಡನೆಯ ವರ್ಷ ವರ್ಗವೇ ಇಲ್ಲವಾದಂತೆ. ಮೂರನೆಯ ದಾರಿಯೊಂದಿತ್ತು: ಸಾಲ ಮಾಡಿ ತಾನೂ ಒಂದು ಎಸ್2000 ಕೊಳ್ಳುವುದು. ನಿಯಮದ ಅಕ್ಷರಕ್ಕೆ ಅದರಿಂದ ಭಂಗವಿರಲಿಲ್ಲ. ಪತ್ನಿಗೆ ಕೊಟ್ಟ ಮಾತಿಗೆ ಭಂಗವಿತ್ತು.

ಶಾಲಾ ಕಲೋತ್ಸವವನ್ನು ಕಂಡ ಮನೆಗಳಿಗೆ ಈ ಇಕ್ಕಟ್ಟು ಅಪರಿಚಿತವಲ್ಲ. ವೇಷಭೂಷಣಕ್ಕೆ ಸಾಲ ಮಾಡಿದ ತಂದೆತಾಯಂದಿರು, ಬಾಡಿಗೆಯ ಆಭರಣಗಳು, ಫಲಿತಾಂಶ ಪ್ರಕಟವಾದೊಡನೆ ಅಪೀಲಿಗಾಗಿ ನಡೆಯುವ ಓಡಾಟ, ಇವೆಲ್ಲ ನಾವು ಬಲ್ಲವೇ. ಕನ್ನಡ ಪದ್ಯ ವಾಚನದ ಸ್ಪರ್ಧೆಗೆ ಹೋಗಿಬರುತ್ತಿದ್ದ ಹುಡುಗನಾಗಿ ಆತನೂ ಅದನ್ನು ಕಂಡಿದ್ದ. ಗೆದ್ದವರು ಅಪೀಲು ಹಾಕಿದ್ದನ್ನು ಮಾತ್ರ ಎಂದೂ ಕಂಡಿರಲಿಲ್ಲ. ಸೋತ ಮೇಲೆ ನಿಯಮದ ದೋಷ ಎತ್ತಿದರೆ ಆ ಮಾತು ನಿಜವಾಗಿದ್ದರೂ ದೂರಿನಂತೆ ಕೇಳಿಸುತ್ತದೆ.

ಆದ್ದರಿಂದ ಕಾರು ಕೊಳ್ಳುವ ಮೊದಲೇ, ಸಮಿತಿಗೆ ಪತ್ರ ಬರೆಯುವುದಕ್ಕೂ ಮೊದಲೇ, ಆತ ಹಿರಿಯರ ಬಳಿಗೆ ಹೋದ. ಅಂದು ಇಬ್ಬರಿಗೂ ಒಂದೇ ತಿರುವಿನಲ್ಲಿ ಕೋನು ಎತ್ತುವ ಕೆಲಸ ಬಿದ್ದಿತ್ತು. "ನಾನು ಬರೆಯಲಿರುವ ಪತ್ರದಿಂದ ನಿಮ್ಮ ಕಾರು ಹೊರಗಾಗಬಹುದು. ಅದನ್ನು ನೀವು ಬೇರೆಯವರಿಂದ ಕೇಳಬಾರದು" ಎಂದ. ಹಿರಿಯರ ಮುಖ ಸಪ್ಪಗಾಯಿತು. ನಾಲ್ಕೈದು ಕಾರುಗಳು ಹಾದುಹೋಗುವವರೆಗೆ ಅವರು ಮಾತಾಡಲಿಲ್ಲ. ಆಮೇಲೆ ಹೇಳಿದರು: "ನನಗೆ ಇದು ಹಿಡಿಸಲಿಲ್ಲ. ಆದರೆ ಓಟಕ್ಕೆ ಮೊದಲೇ ಹೇಳುತ್ತಿದ್ದೀಯೆ, ಸೋತ ಮೇಲಲ್ಲ. ಬರೆ."

ಸಮಿತಿಯಲ್ಲಿ ವಾದ ನಡೆಯಿತು. ಕ್ಲಬ್ಬಿಗೆ ಹೆಚ್ಚು ಕಾರು ಬರುವುದೇ ಮುಖ್ಯ, ಯಾರನ್ನೂ ಹೊರಗಿಡಬಾರದು ಎಂದರು ಕೆಲವರು. ಕೊನೆಗೆ ಸಿಸಿಯ ಮಿತಿಯೊಂದಿಗೆ, ಕಾರ್ಖಾನೆ ಘೋಷಿಸಿದ ಬಲ 150 ಅಶ್ವಶಕ್ತಿ ಮೀರಬಾರದೆಂಬ ಸಾಲೂ ಸೇರಿತು. ಎಸ್2000 ರಾಷ್ಟ್ರೀಯ ನಿಯಮಾವಳಿ ತನಗೆ ನಿಗದಿಪಡಿಸಿದ್ದ ವರ್ಗದಲ್ಲೇ ಉಳಿಯಿತು. ಹಿರಿಯರು ಮುಂದಿನ ಎರಡು ಕೂಟಗಳಿಗೆ ಬರಲಿಲ್ಲ. ಮೂರನೆಯದಕ್ಕೆ ಬಂದರು.

ಉಳಿದದ್ದು ಮಿಯಾಟಾ ಮತ್ತು ಎಂಆರ್2. ಇಲ್ಲಿ ತೀರ್ಮಾನ ಮಾಡಿದ್ದು ಡಿಫರೆನ್ಶಿಯಲ್. ಬಿಗಿ ತಿರುವಿನಲ್ಲಿ ಒಳಬದಿಯ ಚಕ್ರದ ಮೇಲಿನ ಭಾರ ಕಡಿಮೆಯಾದಾಗ, ಸಾಮಾನ್ಯ ಡಿಫರೆನ್ಶಿಯಲ್ ಇರುವ ಕಾರಿನಲ್ಲಿ ಅದು ಸುಮ್ಮನೆ ಗಿರ್ರನೆ ತಿರುಗಿ ಎಂಜಿನ್ನಿನ ಬಲ ವ್ಯರ್ಥವಾಗುತ್ತದೆ. 1994ರಿಂದ 1997ರವರೆಗಿನ ಕೆಲವು ಮಿಯಾಟಾಗಳಿಗೆ ಟಾರ್ಸೆನ್ ಎಂಬ, ಇದನ್ನು ತಡೆಯುವ ಡಿಫರೆನ್ಶಿಯಲ್ಲನ್ನು ಕಾರ್ಖಾನೆಯೇ ಅಳವಡಿಸಿತ್ತು. ಎಂಆರ್2ನಲ್ಲಾದರೆ ಅಂಥದ್ದು ಕೊನೆಯ ವರ್ಷಗಳ ಕೆಲವು ಕಾರುಗಳಲ್ಲಿ ಮಾತ್ರ. ಮಾರುವವನ ಬಾಯಿಮಾತು ಸಾಲದು. ಮೂಲ ದಾಖಲೆಯಲ್ಲಿ ಅದು ನಮೂದಾಗಿರಬೇಕು. ಆಕ್ಷೇಪಣೆ ಬಂದಾಗ ತೋರಿಸಲು ಕೈಯಲ್ಲಿರುವ ಕಾಗದವೇ ದಾರಿ. ಆತ ಅಂಥ ಕಾಗದವಿದ್ದ ಕಾರನ್ನೇ ಹುಡುಕಿದ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಸೀಮೆಯಾದ್ದರಿಂದ ಬಾಗಿಲಡಿಯ ತಗಡು ತುಕ್ಕು ತಿಂದಿದೆಯೇ ಎಂದು ಅಂಗಾತ ಮಲಗಿ ನೋಡಿದ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆ ಎಂದು ರಸೀದಿ ಕೇಳಿದ. ಮಾಸಿದ ಕೆಂಪು ಬಣ್ಣದ 1995ರ ಮಿಯಾಟಾ ಮನೆಗೆ ಬಂತು. ಊರಿನ ಹಣ ಹಾಗೆಯೇ ಉಳಿಯಿತು.

ಆ ವರ್ಷ ಹೊಸ ವರ್ಗದಲ್ಲಿ ಏಳು ಕಾರುಗಳು ಓಡಿದವು. ಗೆದ್ದದ್ದು 1.6 ಲೀಟರಿನ ಇನ್ನೂ ಹಳೆಯ ಮಿಯಾಟಾ ಓಡಿಸಿದ ಕಾಲೇಜು ವಿದ್ಯಾರ್ಥಿನಿ. ಆತನದು ನಾಲ್ಕನೆಯ ಸ್ಥಾನ. ಮೂರನೆಯವರಿಗೂ ಆತನಿಗೂ ಇದ್ದ ಅಂತರ ಒಂದು ಕೋನಿನ ದಂಡಕ್ಕಿಂತ ಕಡಿಮೆ. ಮರುವರ್ಷಕ್ಕೆ ಹನ್ನೊಂದು ಮಂದಿ ಹೆಸರು ಕೊಟ್ಟರು.

ಮಕ್ಕಳನ್ನು ಸ್ಪರ್ಧೆಗೆ ಕಳುಹಿಸುವ ನಾವು ತಯಾರಿಗೆ ತಿಂಗಳುಗಟ್ಟಲೆ ಕೊಡುತ್ತೇವೆ, ನಿಯಮದ ಪುಟಕ್ಕೆ ಅರ್ಧ ಗಂಟೆಯನ್ನೂ ಕೊಡುವುದಿಲ್ಲ. ನಿಯಮವನ್ನು ಮೊದಲೇ ಓದಿ, ತನಗೆ ಲಾಭವಾಗುವ ರಂಧ್ರ ಕಂಡರೂ ಅದನ್ನು ಎತ್ತಿಹೇಳುವವರು ಒಬ್ಬಿಬ್ಬರಾದರೂ ಇದ್ದರೆ ಆಟ ಮುಂದಿನ ವರ್ಷಕ್ಕೂ ಉಳಿಯುತ್ತದೆ. ನಾಲ್ಕನೆಯವನಾಗಿ ಬಂದವನೂ ಮತ್ತೆ ಬರಬೇಕೆನ್ನಿಸುವ ಆಟವೇ ನ್ಯಾಯವಾದ ಆಟ.