ನಾಯಿಗಿದ್ದ ಕಾಗದ

ಹೋದ ವರ್ಷ ಪಕ್ಕದ ಮನೆಗೆ ಮುಧೋಳ ನಾಯಿಯ ಮರಿ ಬಂತು. ಬರೀ ಮರಿಯಲ್ಲ, ಜೊತೆಗೊಂದು ಕಾಗದ. ಅದರಲ್ಲಿ ಅಪ್ಪ, ಅವ್ವ, ಅಜ್ಜ, ಮುತ್ತಜ್ಜಿ ಎಲ್ಲರೂ ಸಾಲಾಗಿ ನಿಂತಿದ್ದರು. ತಳಿಯ ಹೆಸರು ಮಾತ್ರ ‘ಕ್ಯಾರವಾನ್ ಹೌಂಡ್’. ಕೆನೆಲ್ ಕ್ಲಬ್ ಆಫ್ ಇಂಡಿಯಾದ ದಫ್ತರದಲ್ಲಿ ನಮ್ಮೂರ ನಾಯಿಗೆ ನಮ್ಮೂರ ಹೆಸರಿಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದಾಗ ಅದು ಮುಧೋಳದ್ದೇ ಆಗಿತ್ತೆಂಬುದು ಸಮಾಧಾನ.

ಆ ಮನೆಯ ಹುಡುಗ ಕಾಗದ ಓದಿ ಮುಗಿಸಿ, “ಕಾಕಾ, ನಿಮ್ಮ ಮುತ್ಯಾನ ಅಪ್ಪನ ಹೆಸರೇನ್ರಿ?” ಅಂದ. ನಾನು ಕೆಮ್ಮಿದೆ. ನಾಯಿ ನನ್ನನ್ನೇ ನೋಡುತ್ತಿತ್ತು.

ಹೆಸರು ಗೊತ್ತಿಲ್ಲದಿದ್ದರೂ ಕಥೆ ಗೊತ್ತಿತ್ತು. ನಮ್ಮ ಹಿರೇರು ಹಲಗಲಿ ಬಂಡಾಯದಾಗ ಪಾರಾಗಿ ಬಂದೋರು ಎಂದು ಮುತ್ಯಾ ಮೀಸೆ ಸವರಿಕೊಂಡು ಹೇಳುತ್ತಿದ್ದ. ಕಂಪನಿ ಸರಕಾರ ಹತಾರು ಕೊಡಿರಿ ಅಂದಾಗ ಕೊಡೆವೆಂದ ಊರು ಹಲಗಲಿ. 1857ರ ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನೂ, 14ರಂದು ಹಲಗಲಿಯಲ್ಲೇ 6 ಜನರನ್ನೂ ಗಲ್ಲಿಗೇರಿಸಿದರು. ಬಂಡಾಯದ ಮುಂದಾಳುಗಳಾದ ಜಡಗ, ಬಾಲರ ಹೆಸರು ಲಾವಣಿಯಲ್ಲಿ ಉಳಿಯಿತು; ಅದನ್ನು ಬರೆಸಿಕೊಂಡು ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ. ಪಾರಾದವರ ಹೆಸರು ಯಾವ ಲಾವಣಿಯಲ್ಲೂ ಇರುವುದಿಲ್ಲ. ಅದಕ್ಕೇ ಇರಬೇಕು, ನಮ್ಮ ಕಡೆ ಎರಡು ಮನೆಗೊಬ್ಬ ಪಾರಾದ ಹಿರಿಯ ಸಿಗುತ್ತಾನೆ.

ಹೆಸರು ಸಿಗಬಹುದೆಂದು ಅಟ್ಟದ ಪೆಟ್ಟಿಗೆ ಇಳಿಸಿದೆ. ಮುಧೋಳ ಮೊದಲು ಘೋರ್ಪಡೆಯವರ ಮರಾಠಾ ಸಂಸ್ಥಾನವಾಗಿತ್ತು. 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಹಾಗಾಗಿ ಪೆಟ್ಟಿಗೆಯ ಕಾಗದಗಳೆಲ್ಲ ಮರಾಠಿಯ ಮೋಡಿ ಲಿಪಿಯವು. ಲೇಖಣಿ ಎತ್ತದೆ ಬರೆದುಕೊಂಡು ಹೋಗುವ ಬರಹ, ನನ್ನ ಕಣ್ಣಿಗೆ ಬೆಲ್ಲಕ್ಕೆ ಹೊರಟ ಇರುವೆ ಸಾಲು. ಹೊಲದ ಪತ್ರವಿರಬೇಕೆಂದು ಮೋಡಿ ಬಲ್ಲ ಹಿರಿಯರೊಬ್ಬರಲ್ಲಿಗೆ ಒಯ್ದರೆ, ಅವರು ಕನ್ನಡಕ ಏರಿಸಿ, “ಹೊಲದ್ದಲ್ಲೋ ತಮ್ಮಾ, ಸಾಲದ್ದು. ತೀರಿಸಿದ್ದು ಕಾಣಂಗಿಲ್ಲ” ಅಂದರು. ಅಲ್ಲಿಗೆ ಮಡಚಿ ಇಟ್ಟೆ.

ಇದೇ ಊರಿನ ಕವಿ ರನ್ನನಿಗೆ ಈ ಪಜೀತಿ ಇರಲಿಲ್ಲ. ಬಳೆಗಾರರ ಮಗ, ಹತ್ತನೆಯ ಶತಮಾನದಲ್ಲೇ ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಹೆಂಡಿರು ಜಕ್ಕಿ, ಶಾಂತಿ ಎಂದು ಮನೆಮಂದಿಯನ್ನೆಲ್ಲ ಕಾವ್ಯದೊಳಗೆ ಕೂಡಿಸಿಬಿಟ್ಟ.

ಕಾವ್ಯ ಬರೆಯಲಾರದ ನಮ್ಮಂಥವರಿಗೆ ವಂಶದ ಕಥೆ ಹೇಳುವ ಹೆಳವರಿದ್ದಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕಾಲಿಗೆ ಕಂಬಳಿ ಹೊದ್ದು ಕೂತು, ಗಂಟೆ ಬಾರಿಸುತ್ತ ಬರುತ್ತಿದ್ದರು. ಒಬ್ಬೊಬ್ಬ ಹೆಳವನಿಗೆ ಇಂತಿಷ್ಟೇ ಒಕ್ಕಲು; ಆ ಮನೆಗಳ ಮೂಲಪುರುಷ, ಬೆಡಗು, ಮನೆದೇವರು, ಯಾವ ಊರು ಬಿಟ್ಟು ಯಾವ ಊರಿಗೆ ಬಂದರು ಎಂಬುದೆಲ್ಲ ಅವನ ನಾಲಗೆ ಮೇಲೆ, ತಾಮ್ರಪಟ, ಓಲೆಗರಿ, ಆಮೇಲೆ ಕಾಗದದಲ್ಲಿ. ನಮ್ಮ ಮನೆಯವನು ಈ ಸಲ ಮೋಟಾರ್ ಸೈಕಲ್ ಮೇಲೆ ಬಂದ. ಗಂಟೆಯನ್ನು ಹ್ಯಾಂಡಲಿಗೆ ಕಟ್ಟಿದ್ದ.

ಕಟ್ಟೆಯ ಮೇಲೆ ಕೂತು, ಅಂಚು ಎಣ್ಣೆ ಹಿಡಿದು ಕಪ್ಪಾಗಿದ್ದ ಉದ್ದನೆಯ ಪುಸ್ತಕ ಬಿಚ್ಚಿದ. ಉಸಿರು ಹಿಡಿದು ಏಳು ತಲೆ ಹೇಳಿದ. ನಾನು ಹಲಗಲಿಗಾಗಿ ಕಾದೆ. ಬರಲಿಲ್ಲ. ಕೇಳಿಯೇ ಬಿಟ್ಟೆ.

“ಹಲಗಲಿ ಅಲ್ರಿ. ಬೀಳಗಿ ಕಡೆ ಹೊಳಿದಂಡಿ ಊರು, ಈಗ ಆಲಮಟ್ಟಿ ಹಿನ್ನೀರಾಗೈತಿ. ಅಣ್ಣತಮ್ಮರು ಒಂದು ಎಮ್ಮಿ ಸಲುವಾಗಿ ಬಡದಾಡಿದ್ರು. ರಾತ್ರೋರಾತ್ರಿ ತಮ್ಮ ಎಮ್ಮಿ ಹೊಡಕೊಂಡು ಇತ್ತಾಗ ಬಂದ. ಅಂವನ ನಿಮ್ಮ ಹಿರ್ಯಾ.”

ಪಾರಾಗಿ ಬಂದದ್ದಂತೂ ಖರೆ! ಮುತ್ಯಾನ ಮೀಸೆ ನೆನಪಾಗಿ ನಗು ತಡೆಯಲಾಗಲಿಲ್ಲ. ಎಮ್ಮೆಯ ಗುರುತೂ ಪುಸ್ತಕದಲ್ಲಿತ್ತು: ಹಣೆಯಲ್ಲಿ ಬಿಳಿ ಚುಕ್ಕಿ.

ಬಾಗಿಲಲ್ಲಿ ನಿಂತಿದ್ದ ಅವ್ವ ಆತನಕ ಸುಮ್ಮನಿದ್ದಳು.

“ಎಮ್ಮಿ ಚುಕ್ಕಿ ಸುದ್ದಾ ಬರದೀರಿ. ಅದನ್ನ ಹಿಂಡಿದಾಕಿ ಹೆಸರ ಎಲ್ಲೈತ್ರಿ?”

ಹೆಳವ ಪುಟ ತಿರುವಿದ, ಮತ್ತೆ ಹಿಂದಕ್ಕೆ ತಿರುವಿದ. ಏಳು ತಲೆಯಲ್ಲೂ ಗಂಡಸರೇ. ಆಮೇಲೆ ಕಿಸೆಯಿಂದ ಬಾಲ್‌ಪೆನ್ ತೆಗೆದು, “ಹೇಳವ್ವಾ, ನಿನ್ನ ಹೆಸರ ಬರಕೋತೀನಿ” ಅಂದ.

ಅವ್ವ ಮೊದಲು ತನ್ನ ಅತ್ತೆಯ ಹೆಸರು ಹೇಳಿದಳು. ಅತ್ತೆಯ ಅತ್ತೆಯದನ್ನು ನೆನಪು ಮಾಡಿಕೊಳ್ಳುತ್ತ, ಮೊರ ತಗೊಂಡು ಜೋಳ ತರಲು ಒಳಗೆ ಹೋದಳು.