ತಣ್ಣಗಿನ ಬಲ್ಬು, ನಿಂತ ನಯಾಗರ

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮೂರಿನಲ್ಲಿ ಮೊದಲು ಕೇಳುವ ಪ್ರಶ್ನೆ, ‘ನಯಾಗರ ನೋಡಿದಿರಾ ಮೇಷ್ಟ್ರೇ?’ ಎಂದು. ನೋಡಿದೆ. ಆದರೆ ನಾನು ನೋಡಿದ ನಯಾಗರದ ಎತ್ತರ ಒಂದು ಅಡಿಯ ಆಸುಪಾಸು. ಅದು ಇದ್ದದ್ದು ನಿಜವಾದ ಜಲಪಾತದಿಂದ ಸಾವಿರಾರು ಕಿಲೋಮೀಟರ್ ದೂರದ ಪಸಡೀನಾದಲ್ಲಿ, ಹಳೆಯ ಸಾಮಾನಿನ ಸಂತೆಯ ಒಂದು ಮಡಚುವ ಮೇಜಿನ ಮೇಲೆ. ಸಾಲದ್ದಕ್ಕೆ ಅದರಲ್ಲಿ ನೀರೇ ಬೀಳುತ್ತಿರಲಿಲ್ಲ.

2024ರ ಬೇಸಿಗೆ ರಜೆಯಲ್ಲಿ ನಾನೂ ನನ್ನಾಕೆಯೂ ಮಗಳ ಮನೆಗೆ ಹೋಗಿದ್ದೆವು. ಪಸಡೀನಾ ಕ್ಯಾಲಿಫೋರ್ನಿಯಾದಲ್ಲಿ ಲಾಸ್ ಏಂಜಲೀಸಿಗೆ ಅಂಟಿಕೊಂಡಂತಿರುವ ಊರು. ಕೆಲವು ರಸ್ತೆಗಳಲ್ಲಿ ಸಾಲು ಸಾಲಾಗಿ ಜಕರಂಡ ಮರಗಳು. ನೇರಳೆ ಹೂ ಬಿಡಲು ತೊಡಗಿದ ಅವುಗಳನ್ನು ಕಂಡು ನನ್ನಾಕೆ, ‘ಇದನ್ನು ನೋಡೋಕೆ ಬೆಂಗಳೂರಿಗೆ ಹೋಗಿದ್ದರೆ ಸಾಕಿತ್ತಲ್ಲ’ ಎಂದಳು. ಊರಿನ ಉತ್ತರಕ್ಕೆ ಸ್ಯಾನ್ ಗೇಬ್ರಿಯಲ್ ಬೆಟ್ಟಸಾಲು. ಅದರ ಮೇಲೆ ಮೌಂಟ್ ವಿಲ್ಸನ್ ವೀಕ್ಷಣಾಲಯ. ಎಡ್ವಿನ್ ಹಬಲ್ ಅಲ್ಲಿನ 100 ಅಂಗುಲದ ದೂರದರ್ಶಕದಲ್ಲಿ ಕಣ್ಣಿಟ್ಟು, ನಮ್ಮ ಆಕಾಶಗಂಗೆಯ ಆಚೆಗೂ ನಕ್ಷತ್ರಲೋಕಗಳಿವೆ ಎಂದು ತೋರಿಸಿದ ಜಾಗ. ವಿಜ್ಞಾನದ ಮೇಷ್ಟರಾದವನು ಆ ಭಾನುವಾರ ಅಲ್ಲಿಗೇ ಹೋಗಬೇಕಿತ್ತು. ಆದರೆ ತಾಯಿ ಮಗಳು ಇಬ್ಬರೂ ಸಂತೆ ಎಂದರು. ಬಹುಮತಕ್ಕೆ ತಲೆಬಾಗಿದೆ.

ರೋಸ್ ಬೌಲ್ ಎಂಬುದು 1922ರಲ್ಲಿ ಕಟ್ಟಿದ ದೊಡ್ಡ ಕ್ರೀಡಾಂಗಣ. ಪ್ರತಿ ತಿಂಗಳ ಎರಡನೇ ಭಾನುವಾರ ಅದರ ಸುತ್ತಲೂ ಹಳೆಯ ಸಾಮಾನಿನ ಸಂತೆ ನೆರೆಯುತ್ತದೆ. ಒಳಗೆ ಹೋಗಲು ಟಿಕೆಟ್ಟು. ಬೆಳಿಗ್ಗೆ ಬೇಗ ಹೋದಷ್ಟೂ ಅದರ ಬೆಲೆ ಹೆಚ್ಚು! ಒಳ್ಳೆಯ ಮಾಲು ಮೊದಲು ಬಂದವರಿಗೆ ತಾನೆ? ನಮ್ಮ ಸಂತೆಗಳಲ್ಲಿ ಕತ್ತಲಾದ ಮೇಲೆ ಹೋದರೆ ಸೊಪ್ಪು ಅಗ್ಗ; ಲೆಕ್ಕ ಎರಡೂ ಕಡೆ ಒಂದೇ. ಹಳೆಯ ಟೈಪ್‌ರೈಟರು, ತುಕ್ಕು ಹಿಡಿದ ರೂಲರು, ಯಾರದೋ ಮನೆಯ ಮದುವೆ ಫೋಟೋ, ಎಲ್ಲಕ್ಕೂ ಅಲ್ಲಿ ಗಿರಾಕಿಯುಂಟು.

ಏಳು ವರ್ಷದ ಮೊಮ್ಮಗ ನನ್ನ ಕೈ ಬಿಡಿಸಿಕೊಂಡು ಓಡಿ ನಿಂತದ್ದು ಒಂದು ದೀಪದ ಮುಂದೆ. ಡಬ್ಬಿಯಂತೆ ದುಂಡಗಿನ ಪ್ಲಾಸ್ಟಿಕ್, ಅದರ ಮೇಲೆ ನಯಾಗರದ ಬಣ್ಣದ ಚಿತ್ರ, ಒಳಗೆ ಬೆಳಕು. ಚೀಟಿಯಲ್ಲಿ 30 ಡಾಲರ್, ಕೆಳಗೆ ‘ತಿರುಗುವುದಿಲ್ಲ’ ಎಂಬ ಷರಾ. ಅಂಚಿನಲ್ಲಿ ಸಣ್ಣ ಅಕ್ಷರ ಕಂಡು ಕನ್ನಡಕ ಏರಿಸಿದೆ. ಇಕೊನೊಲೈಟ್, ಲಾಸ್ ಏಂಜಲೀಸ್, 1955.

ಮೋಷನ್ ಲ್ಯಾಂಪ್ ಎಂದು ಇವಕ್ಕೆ ಹೆಸರು. ಅಮೆರಿಕದ ಮನೆಗಳಲ್ಲಿ ಒಂದು ಕಾಲಕ್ಕೆ ಬಹಳ ಮೆರೆದ ದೀಪ. 1930ರ ಸುಮಾರಿಗೆ ಷಿಕಾಗೋದ ಸೀನ್ ಇನ್ ಆ್ಯಕ್ಷನ್ ಕಂಪನಿ ಗಾಜು ಮತ್ತು ಲೋಹದಲ್ಲಿ ಇಂಥವನ್ನು ಮಾಡುತ್ತಿತ್ತು. 1950ರ ದಶಕಕ್ಕೆ ಪ್ಲಾಸ್ಟಿಕ್ ಬಂತು. ಲಾಸ್ ಏಂಜಲೀಸಿನ ಇಕೊನೊಲೈಟ್, ಷಿಕಾಗೋದ ಗುಡ್‌ಮನ್ ಕಂಪನಿಗಳು ಜಲಪಾತ, ಕಾಡ್ಗಿಚ್ಚು, ರೈಲು, ಉಗಿಹಡಗು ಎಂದು ಬಗೆಬಗೆಯ ಚಿತ್ರ ಹಾಕಿ ಮಾರಿದವು. ಇದರಲ್ಲಿ ಮೋಟಾರೂ ಇಲ್ಲ, ಸ್ಪ್ರಿಂಗೂ ಇಲ್ಲ. ಚಿತ್ರದ ಹೊರಕವಚದೊಳಗೆ ಇನ್ನೊಂದು ಹಗುರವಾದ ಕೊಳವೆ, ಸೂಜಿಯಂಥ ಮೊನೆಯ ಮೇಲೆ ಕೂತಿರುತ್ತದೆ. ಅದರ ನೆತ್ತಿಯಲ್ಲಿ ಫ್ಯಾನಿನ ರೆಕ್ಕೆಗಳಂಥ ಓರೆ ಪಟ್ಟಿಗಳು. ಬಲ್ಬು ಹೊತ್ತಿದರೆ ಗಾಳಿ ಕಾದು ಮೇಲೇಳುತ್ತದೆ, ರೆಕ್ಕೆಗಳನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ, ಕೊಳವೆ ಮೆಲ್ಲಗೆ ತಿರುಗುತ್ತದೆ. ಪಠ್ಯಪುಸ್ತಕದ ಉಷ್ಣಸಂವಹನ ಅಷ್ಟೇ. ಕಾಗದವನ್ನು ಹಾವಿನ ಸುರುಳಿಯಂತೆ ಕತ್ತರಿಸಿ, ದಾರ ಕಟ್ಟಿ, ಮೇಣದ ಬತ್ತಿಯಿಂದ ಸಾಕಷ್ಟು ಮೇಲೆ ಹಿಡಿದು ತಿರುಗಿಸುವ ಪ್ರಯೋಗ ನೀವೂ ಮಾಡಿರುತ್ತೀರಿ. ಕುದುರೆಗಳ ನೆರಳು ಸುತ್ತುವಂಥ ಲಾಂದ್ರವನ್ನು ಚೀನಾದವರು ನೂರಾರು ವರ್ಷಗಳ ಹಿಂದೆಯೇ ಇದೇ ಉಪಾಯದಿಂದ ಮಾಡಿದ್ದರು.

ಸರಿ, ಕೊಳವೆ ಅಡ್ಡಡ್ಡ ಸುತ್ತಿದರೆ ನೀರು ಮೇಲಿನಿಂದ ಕೆಳಗೆ ಹೇಗೆ ಬೀಳುತ್ತದೆ? ಒಂದು ಸ್ಕ್ರೂವನ್ನು ಬೆರಳ ನಡುವೆ ಹಿಡಿದು ತಿರುಗಿಸಿ ನೋಡಿ. ಅದು ಇದ್ದಲ್ಲೇ ಇರುತ್ತದೆ, ಆದರೆ ಮರೆಗಳು ಕೆಳಕ್ಕೆ ಜಾರುತ್ತಿರುವಂತೆ ಕಾಣುತ್ತದೆ. ಒಳಗಿನ ಕೊಳವೆಯ ಮೇಲೂ ಹಾಗೆಯೇ ಓರೆಯಾಗಿ ಪಟ್ಟೆಗಳಿವೆ. ಹೊರಗಿನ ಚಿತ್ರದಲ್ಲಿ ನೀರಿನ ಜಾಗ ಮಾತ್ರ ಬೆಳಕು ಬಿಡುತ್ತದೆ. ಪಟ್ಟೆಯ ಓರೆ ಉಲ್ಟಾ ಆದರೆ ಬೆಳಕು ಮೇಲೇಳುತ್ತದೆ. ಆಗ ಅದು ಬೆಂಕಿ.

‘ಇದು ಯಾಕೆ ತಿರುಗ್ತಿಲ್ಲ ತಾತ?’ ಎಂದ ಮೊಮ್ಮಗ.

ಮೇಲಿನ ಬಾಯಿಗೆ ಅಂಗೈ ಹಿಡಿದು ನೋಡಿದೆ. ತಣ್ಣಗಿತ್ತು. ಒಳಗೆ ಇಣುಕಿದರೆ ಎಲ್‌ಇಡಿ ಬಲ್ಬು! ಹಳೆಯ ತಂತಿಯ ಬಲ್ಬು ತಿನ್ನುವ ವಿದ್ಯುತ್ತಿನಲ್ಲಿ ಶೇಕಡ 90ಕ್ಕೂ ಹೆಚ್ಚು ಭಾಗ ಶಾಖವಾಗಿ ಹೋಗುತ್ತದೆ. ಅದು ದಂಡ ಎಂದು ನಾನೇ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆ ದಂಡವೇ ಈ ದೀಪಕ್ಕೆ ಊಟ. 2023ರ ಆಗಸ್ಟ್ 1ರಿಂದ ಅಮೆರಿಕದ ಅಂಗಡಿಗಳಲ್ಲಿ ಮನೆಬಳಕೆಯ ಸಾಧಾರಣ ತಂತಿ ಬಲ್ಬುಗಳ ಮಾರಾಟ ನಿಂತಿದೆ. ನಮ್ಮಲ್ಲೂ 2015ರ ಉಜಾಲಾ ಯೋಜನೆಯ ನಂತರ ಅವು ಮೂಲೆ ಸೇರಿದವು. ಒಳ್ಳೆಯದೇ ಆಯಿತು, ಈ ದೀಪದ ಪಾಲಿಗೆ ಮಾತ್ರ ಒಳ್ಳೆಯದಾಗಲಿಲ್ಲ.

ಇದನ್ನೆಲ್ಲ ಮೊಮ್ಮಗನಿಗೆ ಜೋರಾಗಿಯೇ ವಿವರಿಸಿದೆ. ಅವನಿಗೆ ಪೂರ್ತಿ ಕನ್ನಡ ಬಾರದೆ ಅರ್ಧ ಇಂಗ್ಲಿಷಿನಲ್ಲಿ. ಮೇಜಿನ ಆಚೆ ಕೂತಿದ್ದ ಮುದುಕ ಕಿವಿಗೊಟ್ಟು ಕೇಳಿ, ಎದ್ದು, ಪಕ್ಕದ ಟೇಬಲ್ ಲ್ಯಾಂಪಿನ ಹಳೆಯ ಬಲ್ಬು ಬಿಚ್ಚಿ ಇದಕ್ಕೆ ಹಾಕಿದ. ಎರಡು ಮೂರು ನಿಮಿಷ ಏನೂ ಆಗಲಿಲ್ಲ. ಆಮೇಲೆ ಕೊಳವೆ ಒಮ್ಮೆ ಅಲುಗಿತು, ನಿಂತಿತು, ಮತ್ತೆ ಹೊರಟಿತು. ನಯಾಗರ ಧುಮುಕತೊಡಗಿತು. ಮೊಮ್ಮಗ ಕುಣಿದ. ಮುದುಕ ನನ್ನ ಕೈ ಕುಲುಕಿ, ಹಳೆಯ ಚೀಟಿ ಕಿತ್ತು, ಹೊಸದರಲ್ಲಿ 110 ಎಂದು ಬರೆದ.

‘ಅಪ್ಪ, ದುಡ್ಡು ಕೊಟ್ಟ ಮೇಲೆ ಪಾಠ ಮಾಡಬಹುದಿತ್ತಲ್ಲ!’ ಎಂದಳು ಮಗಳು.

ಪ್ರಾಮಾಣಿಕತೆಯಿಂದ ಹೇಳಿದೆ ಎಂದು ಕೊಚ್ಚಿಕೊಳ್ಳಲಾರೆ. ಮೂವತ್ತು ವರ್ಷದ ಚಾಳಿ. ಪ್ರಶ್ನೆ ಬಿದ್ದರೆ ಬಾಯಿ ತಾನಾಗಿ ತೆರೆಯುತ್ತದೆ. ಮುದುಕನ ಮೇಲೆ ಒಂದಿಷ್ಟು ಸಿಟ್ಟೂ ಬಂತು. ಆದರೆ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು 30 ಡಾಲರಿಗೆ ಎತ್ತಿಕೊಂಡು ಬಂದಿದ್ದರೆ, ಮನೆಯಲ್ಲಿ ಬಲ್ಬು ಬದಲಿಸುವಾಗ ಆ ಹುಡುಗನಿಗೆ ಏನು ಹೇಳುತ್ತಿದ್ದೆ? ಆವತ್ತು ರಾತ್ರಿ ಮಲಗಿದಾಗ ಹೊಳೆದ ಪ್ರಶ್ನೆ ಇದು, ಸಂತೆಯಲ್ಲಿ ಹೊಳೆದದ್ದಲ್ಲ.

ಇನ್ನು ಬೆಲೆಯ ವಿಚಾರ. ನಯಾಗರ, ಕಾಡ್ಗಿಚ್ಚುಗಳನ್ನು ರಾಶಿ ರಾಶಿ ಮಾಡಿದ್ದರಿಂದ ಅವು ಸುಲಭವಾಗಿ ಸಿಗುತ್ತವೆ. ಅಂಚಿನಲ್ಲಿರುವ ಇಸವಿ ಚಿತ್ರದ ಹಕ್ಕಿನ ಇಸವಿ. ದೀಪ ಅದೇ ವರ್ಷದ್ದಾಗಿರಬೇಕೆಂದಿಲ್ಲ. ಒಳಗಿನ ಕೊಳವೆ ಮೂಲದ್ದೇ, ಬೇರೆ ದೀಪದ್ದನ್ನು ತಂದು ಕೂರಿಸಿದ್ದೇ ಎಂದು ನೋಡಬೇಕು. ಪಟ್ಟೆಗೂ ಚಿತ್ರಕ್ಕೂ ತಾಳೆಯಾಗದಿದ್ದರೆ ನೀರು ಸರಿಯಾಗಿ ಬೀಳುವಂತೆ ಕಾಣುವುದಿಲ್ಲ. ಹೆಚ್ಚು ವಾಟಿನ ಬಲ್ಬು ಹಾಕಿದವರ ಮನೆಯಿಂದ ಬಂದದ್ದಾದರೆ ಪ್ಲಾಸ್ಟಿಕ್ ಸೊಟ್ಟಗಾಗಿ ಕಂದಿರುತ್ತದೆ. ನಮ್ಮ ದೀಪದಲ್ಲಿ ಹಿಂಬದಿಗೆ, ಆಕಾಶದ ಜಾಗದಲ್ಲಿ, ಎಂಟಾಣೆ ಅಗಲದ ಕಂದು ಕಲೆ ಸಿಕ್ಕಿತು. ವೈರು ಬೇರೆ ಬಿರುಕು ಬಿಟ್ಟಿತ್ತು. ಕಲೆಯನ್ನು ತೋರಿಸಿದೆ, ವೈರನ್ನು ತೋರಿಸಿದೆ, ಚಿಕ್ಕಪೇಟೆಯ ವರಸೆ ತೆಗೆದೆ. ಎದ್ದು ನಾಲ್ಕು ಹೆಜ್ಜೆ ನಡೆದೂ ನೋಡಿದೆ. ಕೊನೆಗೆ 70ಕ್ಕೆ ಒಪ್ಪಿದ, ಬಲ್ಬು ಸೇರಿ. ನನ್ನ ಉಪನ್ಯಾಸದ ಖರ್ಚು 40 ಡಾಲರ್ ಎಂದು ಮಗಳು ಮನೆಯವರೆಗೂ ಲೆಕ್ಕ ಹೇಳಿದಳು.

ಅಳಿಯ ಮೊದಲು ವೈರು ಬದಲಿಸಿದ. ಹಳೆಯ ದೀಪ ಕೊಂಡ ಯಾರೇ ಆಗಲಿ, ಚಿತ್ರ ಒರೆಸುವುದಕ್ಕಿಂತ ಮುಂಚೆ ಈ ಕೆಲಸ ಮಾಡಬೇಕು. ಓವನ್ನಿನೊಳಗೆ ಹಾಕುವ 40 ವಾಟಿನ ತಂತಿ ಬಲ್ಬು ಅಲ್ಲಿ ಈಗಲೂ ಸಿಗುತ್ತದೆ. ಅಂಥವು ಎರಡು ತಂದಿಟ್ಟೆವು. ಮಗುವಿನ ಕೋಣೆಯಾದ್ದರಿಂದ, ದೊಡ್ಡವರು ಇರುವಾಗ ಮಾತ್ರ ದೀಪ ಹಚ್ಚಬೇಕು, ಬಲ್ಬು ಮುಟ್ಟಬಾರದು ಎಂದು ಕಟ್ಟಪ್ಪಣೆಯಾಯಿತು. ಕಿಟಕಿಯಿಂದ ಗಾಳಿ ಬಂದರೆ ಕೊಳವೆ ಹಿಂದೆಮುಂದೆ ನೋಡುತ್ತದೆ. ಆದ್ದರಿಂದ ಮೂಲೆಯ ಸ್ಟೂಲಿನ ಮೇಲೆ ಅದಕ್ಕೆ ಜಾಗ.

ನಾವು ಊರಿಗೆ ಬಂದು ಮೂರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಮಗಳ ಫೋನು. ಪರದೆಯ ತುಂಬ ಮೊಮ್ಮಗನ ಮುಖ.

‘ತಾತ, ನಯಾಗರ ನಿಂತುಹೋಗಿದೆ.’

ಸೂಜಿಯ ಮೊನೆ ಸವೆಯಿತೇ, ರೆಕ್ಕೆ ಬಾಗಿತೇ ಎಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ:

‘ಮೇಲೆ ಕೈ ಹಿಡಿದು ನೋಡಿದೆ. ತಣ್ಣಗಿದೆ. ಅಪ್ಪ ಬಲ್ಬ್ ಚೇಂಜ್ ಮಾಡಿದ್ದಾರೆ.’